ಒಂದೇ ಜಿಲ್ಲೆ, ಒಂದೇ ದಿನ: ಕೆಳಗೆ ಮಳೆ, ಗುಡ್ಡದಲ್ಲಿ ಹಿಮ, ಆಚೆ ಮರಳುಗಾಳಿ. ಇದೆಂತ ಲೆಕ್ಕ?

ತೋಟದಮನೆ (ಪೆರ್ಲ, ಕಾಸರಗೋಡು) | ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹವಾಮಾನದ ವಿಷಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಬೇಕು.

ಮಗಳು, ಅಳಿಯ ಇರುವುದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ. ಕರ್ನ್ ಕೌಂಟಿ ಅಂತ ಜಿಲ್ಲೆ. ಮಗಳಿಗೆ ಹೆರಿಗೆ ಆಗಿದೆ. ಬಾಣಂತನಕ್ಕೆ ನನ್ನ ಮನೆಯವಳು ಈ ಶನಿವಾರ ಮಂಗಳೂರಿನಿಂದ ಹೊರಡುತ್ತಾಳೆ. ದುಬೈಯಲ್ಲಿ ವಿಮಾನ ಬದಲಿಸಿ ಭಾನುವಾರ ಮಧ್ಯಾಹ್ನ ಲಾಸ್ ಏಂಜಲೀಸಿನಲ್ಲಿ ಇಳಿಯುವುದು. ಅಲ್ಲಿಂದ ಮಗಳ ಮನೆಗೆ ಕಾರಿನಲ್ಲಿ ಎರಡು ಗಂಟೆ ದಾರಿಯಂತೆ.

ನಿನ್ನೆ ಮಗಳು ಫೋನಿಗೆ ಬಂದ ಎಚ್ಚರಿಕೆಗಳನ್ನು ಕಳಿಸಿದಳು. ಮೂರು ಉಂಟು. ಬಯಲಿಗೆ ಜೋರು ಮಳೆ. ಗುಡ್ಡಕ್ಕೆ ಹಿಮ. ಮರುಭೂಮಿಗೆ ಗಾಳಿ ಮತ್ತು ಧೂಳು. ಮೂರೂ ಅದೇ ಭಾನುವಾರ. ಮೂರೂ ಅದೇ ಜಿಲ್ಲೆಗೆ! "ಬೇರೆ ಬೇರೆ ಅಲ್ಲ ಅಪ್ಪಾ, ಎಲ್ಲ ಒಂದೇ ಗಾಳಿಮಳೆ" ಅಂತ ಹೇಳಿ ಅವಳು ಮಗುವಿಗೆ ಹಾಲು ಕೊಡಲು ಹೋದಳು.

ನಮ್ಮಲ್ಲಿ ಈಗ ಸುಗ್ಗಿ ತಿಂಗಳು. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಬೆರಳು ದಪ್ಪಕ್ಕೆ ಇಳಿದಿದೆ. ಬಿಸು ಹತ್ತಿರ ಬರುವಾಗ ಸಂಜೆ ಗುಡುಗಿ ಒಂದು ಮಳೆ ಬಂದರೆ ಬಂತು. ಅದೂ ಪೆರ್ಲದಲ್ಲಿ ಸುರಿದರೆ ಬದಿಯಡ್ಕದಲ್ಲಿ ಒಣ. ಅಷ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದೇ ಮೋಡ ಒಂದು ಕಡೆ ಮಳೆ, ಒಂದು ಕಡೆ ಹಿಮ, ಇನ್ನೊಂದು ಕಡೆ ಬರೀ ಗಾಳಿ ಕೊಡುವುದು ಹೇಗೆ ಮಾರಾಯ್ರೇ?

ಎರಡನೆಯದೇ ಮುಖ್ಯ ಪ್ರಶ್ನೆ. ದಾರಿಯಲ್ಲಿ ಗ್ರೇಪ್‌ವೈನ್ ಅಂತ ಘಾಟಿ ಸಿಗುತ್ತದೆ. ಅದು ಮುಚ್ಚಿದರೆ ಮೊಹಾವಿ ಮರುಭೂಮಿ ಕಡೆಯಿಂದ ಸುತ್ತಿ ಬರಬಹುದು ಅಂತ ಅಳಿಯನ ಲೆಕ್ಕ. ನನ್ನವಳಿಗೆ ಸುಳ್ಯ ದಾಟಿ ಮಡಿಕೇರಿ ಘಾಟಿ ಹತ್ತುವಾಗಲೇ ತಲೆ ತಿರುಗುತ್ತದೆ. ಸೂಟ್‌ಕೇಸಿನಲ್ಲಿ ಲೇಹ್ಯದ ಭರಣಿಯನ್ನು ಬೈರಾಸಿನಲ್ಲಿ ಸುತ್ತಿ, ಮೇಲಿಂದ ಪ್ಲಾಸ್ಟಿಕ್ ಕಟ್ಟಿ, ಅಲುಗಾಡದ ಹಾಗೆ ಸುತ್ತಲೂ ಹಲಸಿನ ಹಪ್ಪಳದ ಕಟ್ಟು ಒತ್ತಿ ಇಟ್ಟಿದ್ದಾಳೆ. ಸ್ವೆಟರಿಗೆ ಜಾಗ ಇಲ್ಲವಂತೆ. "ಮಾರ್ಚ್ ಕೊನೆಗೆ ಎಂತ ಚಳಿ" ಅಂತ ನನ್ನನ್ನೇ ಕೇಳುತ್ತಾಳೆ. ಎಂತ ಹೇಳಲಿ?

ಜತ್ತಿನ ಜೋಳ (ಜತ್, ಸಾಂಗ್ಲಿ ಜಿಲ್ಲೆ) | ಗುರುವಾರ ರಾತ್ರಿ

ಆ ಮೂರರಲ್ಲಿ ಮಳೆ ಒಂದನ್ನು ನಮ್ಮ ಜತ್ ತಾಲೂಕಿಗೆ ಕಳಿಸಿ ಅಣ್ಣಾ. ಹಿಮ, ಗಾಳಿ ಅವರೇ ಇಟ್ಟುಕೊಳ್ಳಲಿ. ಸುಮ್ನೆ ತಮಾಷೆ.

ಅಕ್ಕಾವ್ರ ಸ್ವೆಟರು ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿ ಇರಲಿ. ವಿಮಾನದೊಳಗೇ ಬೇಕಾಗುತ್ತದೆ.

ನೀರ್ಚಾಲು ಮಾಸ್ಟ್ರು (ಕಾಸರಗೋಡು) | ಶುಕ್ರವಾರ ಬೆಳಿಗ್ಗೆ

ತೋಟದಮನೆಯವರೇ, ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ಇಂಥ ಪ್ರಶ್ನೆ ಸಿಕ್ಕಿದರೆ ಬಿಡಲು ಮನಸ್ಸಾಗುವುದಿಲ್ಲ. ಸ್ವಲ್ಪ ಉದ್ದ ಆದೀತು, ಕ್ಷಮಿಸಿ.

ಮೊದಲು ಜಿಲ್ಲೆಯ ಗಾತ್ರ ನೋಡಿ. ನಮ್ಮ ಕಾಸರಗೋಡು ಸುಮಾರು 2000 ಚದರ ಕಿ.ಮೀ. ಕರ್ನ್ ಕೌಂಟಿ ಸುಮಾರು 21,000. ಅದರೊಳಗೆ ಹತ್ತು ಕಾಸರಗೋಡು ಹಿಡಿಯುತ್ತದೆ. ಪಶ್ಚಿಮಕ್ಕೆ ಸ್ಯಾನ್ ವಾಕೀನ್ ಕಣಿವೆಯ ದಕ್ಷಿಣ ತುದಿ. ಬೇಕರ್ಸ್‌ಫೀಲ್ಡ್ ಇರುವುದು ಅಲ್ಲಿ, ಸಮುದ್ರಮಟ್ಟದಿಂದ ಬರೀ 120 ಮೀಟರ್ ಎತ್ತರದಲ್ಲಿ. ನಡುವೆ ಟೆಹಾಚಪಿ ಬೆಟ್ಟಗಳು ಮತ್ತು ಸಿಯೆರಾ ನೆವಾಡ ಸಾಲಿನ ತುದಿ. ಬೆಟ್ಟದ ಆಚೆ ಪೂರ್ವಕ್ಕೆ ಮೊಹಾವಿ ಮರುಭೂಮಿ. ಅದಕ್ಕೇ ಹ್ಯಾನ್‌ಫರ್ಡ್‌ನ ಹವಾಮಾನ ಕಚೇರಿ ಇಡೀ ಜಿಲ್ಲೆಗೆ ಒಂದೇ ಎಚ್ಚರಿಕೆ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ವಲಯ ವಲಯಕ್ಕೆ ಬೇರೆ ಬೇರೆ ಕೊಡುತ್ತದೆ.

ಇನ್ನು ಗಾಳಿಮಳೆ. ಇದು ನಮ್ಮ ಬೇಸಗೆ ಮಳೆಯ ಜಾತಿಯದ್ದಲ್ಲ. ನಮ್ಮಲ್ಲಿ ಹಗಲಿನ ಬಿಸಿಲಿಗೆ ನೆಲ ಕಾಯುತ್ತದೆ. ಕಡಲಿನ ತೇವದ ಗಾಳಿ ಘಟ್ಟದ ಬುಡಕ್ಕೆ ಬಂದು ಮೇಲೇಳುತ್ತದೆ. ಸಂಜೆ ಗುಡುಗಿ ಸುರಿದು ರಾತ್ರಿಗೆ ಮುಗಿಯುತ್ತದೆ. ಅದರ ಅಗಲ ಕೆಲವೇ ಕಿ.ಮೀ. ಯಾವ ವಾರ್ಡಿಗೆ ಬೀಳುತ್ತದೆ ಅಂತ ಯಾರೂ ಮುಂಚೆ ಹೇಳಲಾರರು. ಅವರದ್ದು ಉತ್ತರ ಪೆಸಿಫಿಕ್‌ನಲ್ಲಿ, ಅಲಾಸ್ಕಾ ಕೊಲ್ಲಿಯ ಕಡೆಯಿಂದ ಇಳಿದು ಬರುವ ವಾಯುಭಾರ ಕುಸಿತ. ಅಗಲ ಸಾವಿರ ಕಿ.ಮೀ. ಮೀರಬಹುದು. ಬರುವಾಗ ಬಡಗಣ ತಣ್ಣನೆ ಗಾಳಿಯನ್ನೂ ಹೊತ್ತು ತರುತ್ತದೆ. ಅಷ್ಟು ದೊಡ್ಡದು ಆದ್ದರಿಂದ ದಿನಗಳ ಮುಂಚೆಯೇ ಕಾಣುತ್ತದೆ. ಭಾನುವಾರದ ಎಚ್ಚರಿಕೆ ಬುಧವಾರವೇ ನಿಮ್ಮ ಮಗಳ ಫೋನಿಗೆ ಬಂದದ್ದು ಹಾಗೆ.

ಮತ್ತೆ, ಅವರಿಗೆ ಇದು ಬೇಸಗೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಳೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ನಾವು ಜುಲೈಯಲ್ಲಿ ಕೊಡೆ ಮಡಚದೆ ತಿರುಗುವಾಗ ಅಲ್ಲಿ ಹನಿ ಬೀಳುವುದಿಲ್ಲ. ಮಾರ್ಚ್ ಕೊನೆ ಅಂದರೆ ಅವರ ಮಳೆಗಾಲದ ಬಾಲ.

ಈಗ ಲೆಕ್ಕಕ್ಕೆ ಬನ್ನಿ. ಮೋಡ ತುಂಬಿದ ಗಾಳಿ ಮೇಲೇರಿದ ಹಾಗೆ ಕಿ.ಮೀ.ಗೆ ಸುಮಾರು 6 ಡಿಗ್ರಿ ತಣಿಯುತ್ತದೆ. ಬೇಕರ್ಸ್‌ಫೀಲ್ಡಿನಲ್ಲಿ 8 ಡಿಗ್ರಿ ಅಂತ ಇಟ್ಟುಕೊಳ್ಳಿ. ಅಲ್ಲಿ ಮಳೆ. ಗ್ರೇಪ್‌ವೈನ್ ಘಾಟಿ ಹತ್ತಿದರೆ ಸಿಗುವ ಟೆಹೋನ್ ಪಾಸ್ 1263 ಮೀ. ಅಲ್ಲಿಗೆ ಮುಟ್ಟುವಾಗ ಏಳು ಡಿಗ್ರಿ ಹೋಯಿತು. ಉಳಿದದ್ದು ಒಂದು. ಅಲ್ಲಿ ಹಿಮ. ಬೇರೆ ಮೋಡ ಬೇಕಾಗಿಲ್ಲ.

1263 ಮೀ. ಅಂದರೆ ಹೆಚ್ಚು ಕಡಿಮೆ ಮಡಿಕೇರಿಯ ಎತ್ತರವೇ ಅಲ್ವಾ? ಮಡಿಕೇರಿಯಲ್ಲಿ ಯಾಕೆ ಹಿಮ ಇಲ್ಲ ಅಂತ ಮಕ್ಕಳು ಕೇಳುತ್ತಿದ್ದರು. ಮಡಿಕೇರಿ 12 ಡಿಗ್ರಿ ಅಕ್ಷಾಂಶದಲ್ಲಿ, ಬೇಕರ್ಸ್‌ಫೀಲ್ಡ್ 35ರಲ್ಲಿ. ನಮ್ಮ ಮಳೆಗಾಲದಲ್ಲಿ ಸೊನ್ನೆ ಡಿಗ್ರಿಯ ಗೆರೆ ತಲೆಯ ಮೇಲೆ ಸುಮಾರು 5 ಕಿ.ಮೀ. ಎತ್ತರದಲ್ಲಿ ಇರುತ್ತದೆ. ದೊಡ್ಡ ಮೋಡದ ಮೇಲ್ಭಾಗದಲ್ಲಿ ನಮ್ಮಲ್ಲೂ ಹಿಮ ಉಂಟು. ಕೆಳಗೆ ಬೀಳುವಷ್ಟರಲ್ಲಿ ಕರಗಿ ನೀರಾಗುತ್ತದೆ. ಪೆರ್ಲದ ಅಂಗಳಕ್ಕೆ ಬೀಳುವ ಎಷ್ಟೋ ಹನಿಗಳು ಮೇಲೆ ಹಿಮವಾಗಿದ್ದವೇ.

ಬೆಟ್ಟ ಹತ್ತುವಾಗ ಗಾಳಿ ಇದ್ದ ನೀರನ್ನು ಉದುರಿಸುತ್ತದೆ. ಆಚೆ ಇಳಿಯುವಾಗ ಕಿ.ಮೀ.ಗೆ 10 ಡಿಗ್ರಿಯ ಲೆಕ್ಕದಲ್ಲಿ ಬಿಸಿಯಾಗಿ ಒಣಗುತ್ತದೆ. ಹಾಗಾಗಿ ಮೊಹಾವಿಗೆ ಮಳೆ ಉಳಿಯುವುದಿಲ್ಲ. ಬರೀ ಗಾಳಿ ಅಷ್ಟು ಜೋರು ಯಾಕೆ ಅಂತ ಹೇಳಲು ನನಗಿಂತ ಗೊತ್ತಿರುವವರು ಇಲ್ಲಿ ಇದ್ದಾರೆ. ರಾಯದುರ್ಗದವರು ಎಲ್ಲಿ?

ಗಾಳಿಫ್ಯಾನ್ (ರಾಯದುರ್ಗ, ಆಂಧ್ರ) | ಶುಕ್ರವಾರ ಮಧ್ಯಾಹ್ನ

ಬಂದೆ ಮೇಷ್ಟ್ರೇ. ನಾನು ಗಾಳಿ ಫ್ಯಾನುಗಳ ಮೆಂಟೆನೆನ್ಸ್ ಕೆಲಸದವನು. ಟೆಹಾಚಪಿ ಹೆಸರು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. 1980ರ ದಶಕದ ಶುರುವಿನಲ್ಲೇ ಆ ಬೆಟ್ಟದಲ್ಲಿ ಫ್ಯಾನ್ ನಿಲ್ಲಿಸಿದ್ದರು. ಈಗ ಅಲ್ಲಿನ ಆಲ್ಟಾ ವಿಂಡ್ ಕೇಂದ್ರ ಒಂದರದ್ದೇ 1500 ಮೆಗಾವ್ಯಾಟ್‌ಗಿಂತ ಜಾಸ್ತಿ. ಗಾಳಿ ಗ್ಯಾರಂಟಿ ಇಲ್ಲದ ಕಡೆ ಯಾರೂ ಅಷ್ಟು ದುಡ್ಡು ಸುರಿಯಲ್ಲ.

ಆ ಕುಸಿತ ಬೆಟ್ಟ ದಾಟಿ ನೆವಾಡ ಕಡೆ ಹೋಗುವಾಗ ಅಲ್ಲಿ ಒತ್ತಡ ಕಮ್ಮಿ. ಹಿಂದೆ ಪೆಸಿಫಿಕ್ ಕಡೆ ಒತ್ತಡ ಜಾಸ್ತಿ. ಗಾಳಿ ಈಚೆಯಿಂದ ಆಚೆಗೆ ನುಗ್ಗಲೇಬೇಕು, ನಡುವೆ ಬೆಟ್ಟ ಅಡ್ಡ. ಸಂದು ಸಿಕ್ಕಿದಲ್ಲಿ ತೂರುತ್ತೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತಲ್ಲ, ಟೆಹಾಚಪಿ ಸಂದಿನಲ್ಲಿ ಗಾಳಿಯ ಕಥೆ ಅದೇ. ತುದಿ ದಾಟಿದ ತಣ್ಣನೆ ಗಾಳಿಗೆ ತೂಕ ಜಾಸ್ತಿ, ಇಳಿಜಾರಿನಲ್ಲಿ ಇನ್ನೂ ವೇಗ ಹಿಡಿಯುತ್ತೆ. ಇಂಥ ದಿನ ಮೊಹಾವಿ ಊರಿನಲ್ಲಿ ಗಂಟೆಗೆ 100 ಕಿ.ಮೀ. ಬೀಸಿದರೆ ದೊಡ್ಡ ಸುದ್ದಿ ಅಲ್ಲ. ತಮಾಷೆ ಏನು ಅಂದರೆ ಅಷ್ಟು ಗಾಳಿಗೆ ಫ್ಯಾನ್ ತಿರುಗಲ್ಲ. ಸೆಕೆಂಡಿಗೆ 25 ಮೀಟರ್ ಆಸುಪಾಸು ದಾಟಿದರೆ ರೆಕ್ಕೆಯನ್ನು ವಾಲಿಸಿ ತಾನೇ ನಿಂತುಬಿಡುತ್ತೆ. ಇಲ್ಲದಿದ್ದರೆ ಗೇರ್‌ಬಾಕ್ಸ್ ಉಳಿಯಲ್ಲ.

ಅಣ್ಣಾ, ಈ ಆಟ ನೋಡಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಆಷಾಢದಲ್ಲಿ ನಿಮ್ಮ ಪೆರ್ಲದಲ್ಲಿ ಮಳೆ ಹೊಡೆಯುತ್ತೆ. ಅದೇ ಗಾಳಿ ಘಟ್ಟ ಹತ್ತುವಾಗ ಕೊಡಗಿನಲ್ಲಿ ಮತ್ತೆ ಸುರಿಸುತ್ತೆ. ಅದೇ ಗಾಳಿ ಬಯಲು ಸೀಮೆ ದಾಟಿ ನಮ್ಮಲ್ಲಿಗೆ ಬರುವಾಗ ಅದರ ಹತ್ತಿರ ನೀರಿಲ್ಲ, ವೇಗ ಮಾತ್ರ ಇದೆ. ನಿಮಗೆ ವರ್ಷಕ್ಕೆ 3500 ಮಿ.ಮೀ. ಮಳೆ, ನಮ್ಮ ಅನಂತಪುರ ಸೀಮೆಗೆ 550. ಕಣೇಕಲ್ಲು, ಬೊಮ್ಮನಹಾಳ್ ಕಡೆ ಒಮ್ಮೆ ಬನ್ನಿ. ಹಗರಿ ಹೊಳೆಯ ಒಣ ಮರಳನ್ನು ಗಾಳಿ ಎತ್ತಿ ತಂದು ಹೊಲದ ಮೇಲೆ ದಿಬ್ಬ ದಿಬ್ಬ ಹಾಕಿದೆ. ಹುಣಸೆ ಮರದ ಬುಡ ಕಾಣಲ್ಲ, ಕೊಂಬೆ ಮಾತ್ರ ಮರಳಿನಿಂದ ಎದ್ದಿರುತ್ತೆ. ನಿಮಗೆ ತೋಟದಲ್ಲಿ ಮದ್ದು ಬಿಡಲು ಬಿಸಿಲು ಸಿಗದ ಆ ದಿನಗಳಲ್ಲಿ ನಾವು ಮುಖಕ್ಕೆ ಟವೆಲ್ ಕಟ್ಟಿ ಬೈಕ್ ಓಡಿಸುತ್ತೇವೆ. ಹಿಮ ಒಂದು ಬಿಟ್ಟರೆ ನಮ್ಮಲ್ಲೂ ಎಲ್ಲ ಇದೆ.

ತೋಟದಮನೆ | ಶುಕ್ರವಾರ ಸಂಜೆ

ಮಾಸ್ಟ್ರೇ, ರಾಯದುರ್ಗದವರೇ, ಇಬ್ಬರಿಗೂ ದೊಡ್ಡ ನಮಸ್ಕಾರ. ಆಟಿಯಲ್ಲಿ (ನಿಮ್ಮ ಆಷಾಢ) ಅಡಿಕೆಗೆ ಬಿಡುವ ಬೋರ್ಡೋ ಮದ್ದು ಕಲಸಿ ಇಟ್ಟು, ಎರಡು ಗಂಟೆ ಹೊಳವು ಸಿಕ್ಕಿದರೆ ಸಾಕು ಅಂತ ಆಕಾಶ ನೋಡುತ್ತಾ ಕೂರುವವ ನಾನು. ಆ ಹೊತ್ತಿಗೆ ಕೊಳೆರೋಗದ ಕಾಯಿ ಬುಡದಲ್ಲಿ ಹರಡಿರುತ್ತದೆ, ಏಣಿ ಹತ್ತುವವನೂ ಬೀಡಿ ಎಳೆಯುತ್ತಾ ಕೂತಿರುತ್ತಾನೆ. ಅದೇ ಗಾಳಿ ಮುಂದೆ ಹೋಗಿ ಮರಳು ಹಾರಿಸುತ್ತದೆ ಅಂತ ನಮ್ಮ ಕಡೆ ಯಾರೂ ಯೋಚಿಸುವುದಿಲ್ಲ. ಮಳೆ ನಿಲ್ಲಿಸಿ ಘಟ್ಟದ ಆಚೆ ಹೋದರೆ ಸಾಕು ನಮಗೆ.

ಇನ್ನು ದಾರಿ ವಿಷಯ ಯಾರಾದರೂ ಹೇಳಿ. ಮೊಹಾವಿ ಕಡೆಯಿಂದ ಸುತ್ತುವುದು ಆದೀತಾ?

ಹೊಸೂರು ವಾಪಸ್ (ಹೊಸೂರು, ಕೃಷ್ಣಗಿರಿ ಜಿಲ್ಲೆ) | ಶುಕ್ರವಾರ ರಾತ್ರಿ

ಅಂಕಲ್, ನಾನು ಕೆಲಸದ ಮೇಲೆ ಬೇಕರ್ಸ್‌ಫೀಲ್ಡಿನಲ್ಲೇ ಇದ್ದು ಬಂದವನು. ಮೊಹಾವಿ ಸುತ್ತು ಬೇಡವೇ ಬೇಡ. ಆ ದಾರಿ 14ನೇ ಹೆದ್ದಾರಿಯಲ್ಲಿ ಮೊಹಾವಿಗೆ ಹೋಗಿ, ಅಲ್ಲಿಂದ 58ರಲ್ಲಿ ಟೆಹಾಚಪಿ ಹತ್ತಿ ಇಳಿಯಬೇಕು. ಟೆಹಾಚಪಿ ಊರೇ 1200 ಮೀ. ಎತ್ತರ. ಗ್ರೇಪ್‌ವೈನ್ ಮುಚ್ಚುವಷ್ಟು ಹಿಮ ಬಿದ್ದ ದಿನ ಅದೂ ಮುಚ್ಚಿರುವ ಸಾಧ್ಯತೆಯೇ ಜಾಸ್ತಿ. ಅಂದರೆ ಮೊದಲು ಧೂಳು ತಿಂದು, ಆಮೇಲೆ ಹಿಮದಲ್ಲಿ ಸಿಕ್ಕಿಕೊಳ್ಳುವುದು.

ಬೆಟ್ಟದ ಹಿಮ ಪೂರ್ತಿ ತಪ್ಪಿಸಬೇಕು ಅಂದರೆ ಕಡಲ ಬದಿಯ 101 ಹಿಡಿದು ಪಾಸೊ ರೋಬ್ಲೆಸ್‌ವರೆಗೆ ಹೋಗಿ 46ರಲ್ಲಿ ಒಳಗೆ ತಿರುಗಬೇಕು. ಎರಡು ಗಂಟೆಯ ದಾರಿ ಐದಾರು ಗಂಟೆ ಆಗುತ್ತೆ. ದುಬೈಯಿಂದ ಹದಿನಾರು ಗಂಟೆ ಕೂತು ಬಂದ ಆಂಟಿಗೆ ಅದು ಶಿಕ್ಷೆ.

ಗ್ರೇಪ್‌ವೈನ್ ಅಂದರೆ 5ನೇ ಹೆದ್ದಾರಿ. ಲಾಸ್ ಏಂಜಲೀಸಿಗೂ ಉತ್ತರಕ್ಕೂ ನಡುವಿನ ಲಾರಿಗಳೆಲ್ಲ ಅಲ್ಲೇ ಹತ್ತಬೇಕು. ಏರು ಶೇ. 6. ಹಿಮ ಶುರುವಾದಾಗ ಮೊದಲು ಹೈವೇ ಪೊಲೀಸರ ಗಾಡಿ ಮುಂದೆ ಹೋಗುತ್ತಾ ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಘಾಟಿ ದಾಟಿಸುತ್ತೆ. ಜಾಸ್ತಿ ಆದರೆ ರಸ್ತೆಯನ್ನೇ ಮುಚ್ಚುತ್ತಾರೆ. 2023ರ ಫೆಬ್ರುವರಿಯಲ್ಲಿ ಹಾಗೆ ಮುಚ್ಚಿದ್ದರು. ಅಲ್ಲಿನ ರಾಜ್ಯ ಸಾರಿಗೆ ಇಲಾಖೆ ಕ್ಯಾಲ್ಟ್ರಾನ್ಸ್‌ನವರ ಕ್ವಿಕ್‌ಮ್ಯಾಪ್ ಆ್ಯಪಿನಲ್ಲಿ ಮುಚ್ಚಿದೆಯೋ ತೆರೆದಿದೆಯೋ ಆಗಾಗಲೇ ಕಾಣುತ್ತೆ. ರಸ್ತೆಯ ಕ್ಯಾಮೆರಾ ಕೂಡ ಇದೆ.

ಹೊಸಬರು ಮೋಸ ಹೋಗುವ ಜಾಗ ಒಂದಿದೆ. ಮಳೆ ನಿಂತು ಲಾಸ್ ಏಂಜಲೀಸಿನಲ್ಲಿ ಬಿಸಿಲು ಬಂದಿರುತ್ತೆ. ಇನ್ನೇನು, ಹೊರಡೋಣ ಅಂತ ಹೊರಡುತ್ತಾರೆ. ಅಷ್ಟರಲ್ಲಿ ಗಾಳಿ ವಾಯವ್ಯಕ್ಕೆ ತಿರುಗಿರುತ್ತೆ. ಕಣಿವೆಯ ದಕ್ಷಿಣದ ಮೂಲೆ ಮೂರು ಕಡೆ ಬೆಟ್ಟದಿಂದ ಮುಚ್ಚಿದೆ. ಉಳಿದ ಮೋಡವೆಲ್ಲ ಆ ಮೂಲೆಗೆ ಬಂದು ಬೆಟ್ಟ ಹತ್ತುತ್ತೆ. ಹಾಗಾಗಿ ಬೇರೆ ಎಲ್ಲ ಕಡೆ ಹೊಳವಾದ ಮೇಲೂ ಗ್ರೇಪ್‌ವೈನಿನಲ್ಲಿ ಹಿಮ ಬೀಳುತ್ತಿರುತ್ತೆ.

ನನ್ನ ಸಲಹೆ ಕೇಳಿದರೆ, ಲಾಸ್ ಏಂಜಲೀಸ್ ಕಡೆ ಗುರುತಿನವರು ಯಾರಾದರೂ ಇದ್ದರೆ ಆಂಟಿಯನ್ನು ಅವರು ಕರೆದುಕೊಂಡು ಹೋಗಲಿ. ಬಾಣಂತಿಯನ್ನು ಒಬ್ಬಳೇ ಬಿಟ್ಟು ಅಳಿಯ ಘಾಟಿಯ ಆಚೆ ಸಿಕ್ಕಿಕೊಳ್ಳಬಾರದು. ಅಲ್ಲಿನ ಟೈಮ್ ಈಗ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಇವತ್ತೇ ಮಾತಾಡಿ ಗೊತ್ತು ಮಾಡಿಕೊಳ್ಳಿ.

ಇದು ನಿಮ್ಮ ಅಳಿಯನಿಗೆ: ಬಯಲಿನಲ್ಲೂ ಗಾಳಿಗೆ ಒಮ್ಮೆಲೇ ಧೂಳು ಏಳಬಹುದು. 1991ರ ನವೆಂಬರಿನಲ್ಲಿ ಅದೇ 5ನೇ ಹೆದ್ದಾರಿಯಲ್ಲಿ, ಕೊಲಿಂಗಾ ಹತ್ತಿರ, ಧೂಳಿನಲ್ಲಿ ಏನೂ ಕಾಣದೆ ಗಾಡಿಗಳು ಒಂದಕ್ಕೊಂದು ಗುದ್ದಿ 17 ಜನ ಸತ್ತಿದ್ದರು. ಧೂಳಿನ ಗೋಡೆ ಕಂಡರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಬೇಕು. ಲೈಟು ಆರಿಸಬೇಕು, ಬ್ರೇಕಿನಿಂದ ಕಾಲು ತೆಗೆಯಬೇಕು. ಹಿಂದಿನ ಕೆಂಪು ಲೈಟು ಉರಿಯುತ್ತಿದ್ದರೆ ಗಾಡಿ ಓಡುತ್ತಿದೆ ಅಂತ ತಿಳಿದು ಹಿಂದಿನವನು ಬಂದು ಗುದ್ದುತ್ತಾನೆ.

ಜತ್ತಿನ ಜೋಳ | ಶುಕ್ರವಾರ ರಾತ್ರಿ

ಇಷ್ಟೆಲ್ಲ ಕೇಳಿದ ಮೇಲೆ ಒಂದು ಅನಿಸುತ್ತೆ. ಆ ಹಿಮದಿಂದ ಅವರಿಗೆ ಉಪದ್ರವ ಬಿಟ್ಟರೆ ಬೇರೇನೂ ಇಲ್ವಾ?

ನೀರ್ಚಾಲು ಮಾಸ್ಟ್ರು | ಶನಿವಾರ ಬೆಳಿಗ್ಗೆ

ಉಪದ್ರವವೇ? ಅವರ ಹೊಟ್ಟೆಪಾಡು ಅದು! ಬೇಕರ್ಸ್‌ಫೀಲ್ಡಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 160 ಮಿ.ಮೀ. ನಮ್ಮಲ್ಲಿ ಜೂನಿನ ಒಂದು ಜೋರು ದಿನಕ್ಕೆ ಅಷ್ಟು ಬರುವುದುಂಟು. ಅಷ್ಟರಲ್ಲಿ ಬಾದಾಮಿ, ದ್ರಾಕ್ಷಿ, ಕಿತ್ತಳೆ ಎಲ್ಲ ಬೆಳೆಯುತ್ತಾರೆ ಅಂದರೆ ನೀರು ಎಲ್ಲಿಂದ? ಸಿಯೆರಾ ಬೆಟ್ಟದಲ್ಲಿ ಚಳಿಗಾಲದಲ್ಲಿ ಕೂಡಿದ ಹಿಮ ಏಪ್ರಿಲಿನಿಂದ ನಿಧಾನಕ್ಕೆ ಕರಗಿ ಹೊಳೆಗೆ ಇಳಿಯುತ್ತದೆ. ರಾಜ್ಯ ಬಳಸುವ ನೀರಿನಲ್ಲಿ ಸುಮಾರು ಶೇ. 30 ಈ ಹಿಮದ್ದು. ಕರ್ನ್ ಹೊಳೆಯೂ ಅಲ್ಲಿಂದಲೇ ಬರುವುದು.

ಪ್ರತಿ ವರ್ಷ ಏಪ್ರಿಲ್ 1ರ ಆಸುಪಾಸು ಎಷ್ಟು ಹಿಮ ಉಂಟು ಅಂತ ಕೋಲು ಚುಚ್ಚಿ ಅಳೆಯುತ್ತಾರೆ. 2015ರಲ್ಲಿ ಆಗಿನ ಗವರ್ನರ್ ಜೆರ್ರಿ ಬ್ರೌನ್ ಅಳೆಯುವ ಜಾಗಕ್ಕೆ ಹೋದರೆ ಅಲ್ಲಿ ಒಣಹುಲ್ಲು. ರಾಜ್ಯದಲ್ಲಿ ಆ ವರ್ಷ ವಾಡಿಕೆಯ ಶೇ. 5 ಮಾತ್ರ ಹಿಮ ಇತ್ತು. 2023ರಲ್ಲಿ ತದ್ವಿರುದ್ಧ. ಮಳೆ, ಹಿಮ ಎಷ್ಟು ಬಿತ್ತೆಂದರೆ, ಬತ್ತಿಸಿ ಹೊಲ ಮಾಡಿಕೊಂಡಿದ್ದ ಟುಲಾರಿ ಸರೋವರ ಮತ್ತೆ ತುಂಬಿ ಬೆಳೆ ಮುಳುಗಿತು. ಹಾಗಾಗಿ ಮಾರ್ಚ್ ಕೊನೆಯ ಒಂದು ಹಿಮಪಾತಕ್ಕೆ ಅಲ್ಲಿನ ರೈತ ಬೈಯುವುದಿಲ್ಲ. ಬಾದಾಮಿಯ ಹೂ ಫೆಬ್ರುವರಿ, ಮಾರ್ಚ್ ಮೊದಲಲ್ಲೇ ಮುಗಿದಿರುತ್ತದೆ. ಹೂವಿನ ಹೊತ್ತಿಗೆ ಇಂಥ ಮಳೆ ಬಂದರೆ ಜೇನುನೊಣ ಹೊರಗೆ ಬರುವುದಿಲ್ಲ, ಆಗ ಮಾತ್ರ ತಲೆಬಿಸಿ.

ತೋಟದಮನೆ | ಮಂಗಳವಾರ ರಾತ್ರಿ

ವರದಿ ಒಪ್ಪಿಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆಯೇ ಗ್ರೇಪ್‌ವೈನ್ ಮುಚ್ಚಿತು. ಟೆಹಾಚಪಿಯೂ ಮುಚ್ಚಿತು. ಹೊಸೂರಿನವರು ಹೇಳಿದ ಹಾಗೆ ಅಳಿಯನ ಸ್ನೇಹಿತರು ಇವಳನ್ನು ವಿಮಾನ ನಿಲ್ದಾಣದಿಂದ ಆರ್ಟೀಸಿಯಾ ಅಂತ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ನಮ್ಮ ದೇಶದವರ ಅಂಗಡಿಗಳೇ ಸಾಲಾಗಿ ಉಂಟಂತೆ. "ಕರಿಬೇವು ಸಿಗುತ್ತದೆ, ಹಪ್ಪಳವೂ ಸಿಗುತ್ತದೆ, ನಾನು ಸುಮ್ನೆ ಹೊತ್ತುಕೊಂಡು ಬಂದೆ" ಅಂತ ಮೊದಲ ವಾಯ್ಸ್ ಮೆಸೇಜು. ಹಲಸಿನ ಹಪ್ಪಳ ಖಂಡಿತ ಸಿಗಲಿಕ್ಕಿಲ್ಲ, ಅದು ನನ್ನ ಅಭಿಪ್ರಾಯ.

ಸೋಮವಾರ ಮಧ್ಯಾಹ್ನ ರಸ್ತೆ ತೆರೆದರು. ಪಕ್ಕದ ಮನೆಯವರನ್ನು ಮಗಳ ಹತ್ತಿರ ಕೂರಿಸಿ ಅಳಿಯ ಹೋಗಿ ಕರೆದುಕೊಂಡು ಬಂದ. ಘಾಟಿಯ ಮೇಲೆ ರಸ್ತೆ ಬದಿಗೆ ಒತ್ತರಿಸಿದ ಹಿಮ ಇತ್ತಂತೆ. ಬೆಳ್ಳಗೆ ಇರುತ್ತದೆ ಅಂತ ಇವಳು ತಿಳಿದಿದ್ದಳು. ಲಾರಿ ಚಕ್ರದ ಕೆಸರು ಸೇರಿ ಮಸಿ ಬಣ್ಣ, ಅಂಚಿನಲ್ಲಿ ಮಾತ್ರ ಬಿಳಿ. ಕಾಲು ಗಂಟೆ ಇಳಿದದ್ದೇ ತಡ, ಗುಡ್ಡವೆಲ್ಲ ಹಸಿರು, ಬಿಸಿಲು, ಕಾರೊಳಗೆ ಸೆಕೆ ಅಂತ ಸ್ವೆಟರ್ ತೆಗೆದಳಂತೆ. ತಲೆ ತಿರುಗಲಿಲ್ಲ. ನಮ್ಮ ಮಡಿಕೇರಿ ರಸ್ತೆಯ ಹಾಗೆ ತಿರುವುಗಳಿಲ್ಲವಂತೆ, ನೇರ ಏರು. ಲೇಹ್ಯ ಕ್ಷೇಮ.

ಇನ್ನೊಂದು ಸಂಶಯ. ಮಳೆ ಆದ ಮೇಲೆ ಈಗ ಗಾಳಿ ಬೀಸುತ್ತಾ ಉಂಟಂತೆ. ಅಲ್ಲಿನ ಧೂಳಿನಲ್ಲಿ ಎಂತದೋ ಜ್ವರ ಬರುತ್ತದೆ ಅಂತ ಅಳಿಯ ಹೇಳಿದ. ಇವಳು ಮಗುವಿಗೆ ಸಣ್ಣ ಮಾಸ್ಕ್ ಹೊಲಿಯಲು ಬಟ್ಟೆ ಹುಡುಕುತ್ತಿದ್ದಾಳೆ. ಹಾಕಬಹುದಾ?

ಹೊಸೂರು ವಾಪಸ್ | ಮಂಗಳವಾರ ರಾತ್ರಿ

ಬೇಡ ಅಂಕಲ್! ಎರಡು ವರ್ಷದ ಒಳಗಿನ ಮಕ್ಕಳಿಗೆ ಮಾಸ್ಕ್ ಹಾಕಲೇಬಾರದು, ಉಸಿರು ಕಟ್ಟುತ್ತೆ. ಆಂಟಿಗೆ ಈಗಲೇ ಫೋನ್ ಮಾಡಿ.

ಆ ಜ್ವರಕ್ಕೆ ವ್ಯಾಲಿ ಫೀವರ್ ಅಂತಾರೆ. ಅಲ್ಲಿನ ಮಣ್ಣಿನಲ್ಲಿರುವ ಶಿಲೀಂಧ್ರ ಧೂಳಿನ ಜೊತೆ ಉಸಿರಿಗೆ ಹೋದರೆ ಬರುವುದು. ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಕರ್ನ್ ಕೌಂಟಿಯಲ್ಲಿ ಇದು ಜಾಸ್ತಿ. ಮಳೆಯಿಂದ ಮಣ್ಣು ಒದ್ದೆ ಇರುವಾಗ ಭಯ ಕಮ್ಮಿ, ಒಣಗಿದ ಮೇಲೆ ಗಾಳಿ ಎದ್ದರೆ ಜಾಗ್ರತೆ. ಗಾಳಿಯ ದಿನ ಮಗುವನ್ನು ಹೊರಗೆ ತರಬೇಡಿ. ಕಿಟಕಿ ಮುಚ್ಚಿರಲಿ. ಕಾರಿನಲ್ಲಿ ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವ ಹಾಗೆ ಇಡಿ. ದೊಡ್ಡವರು ಹೊರಗೆ ಹೋಗಲೇಬೇಕಾದರೆ ಎನ್-95 ಹಾಕಿಕೊಳ್ಳಲಿ, ಬಟ್ಟೆ ಮಾಸ್ಕಿನಿಂದ ಅಷ್ಟು ಪ್ರಯೋಜನ ಇಲ್ಲ.

ಆಂಟಿಗೆ ಅಲ್ಲಿದ್ದಾಗಲೋ ಊರಿಗೆ ಬಂದ ಮೇಲೋ ಜ್ವರ, ಕೆಮ್ಮು, ಸುಸ್ತು ವಾರಗಟ್ಟಲೆ ಬಿಡದೆ ಇದ್ದರೆ ಡಾಕ್ಟರಿಗೆ "ನಾನು ಕರ್ನ್ ಕೌಂಟಿಯಲ್ಲಿದ್ದೆ" ಅಂತ ತಾವಾಗಿಯೇ ಹೇಳಬೇಕು. ಮಂಗಳೂರಿನ ಡಾಕ್ಟರಿಗೆ ಅದು ತಟ್ಟನೆ ಹೊಳೆಯಲಿಕ್ಕಿಲ್ಲ. ಸುಮ್ನೆ ನ್ಯುಮೋನಿಯಾ ಅಂತ ಮದ್ದು ಕೊಡುತ್ತಾ ಹೋಗುತ್ತಾರೆ.